ತಬಾತ ಮನೆಯ ಎರಡನೆಯ ಹೆಸರು

ಇಸೋಮಿ,
೧೯೩೦ ಅಕ್ಟೋಬರ್ ೧೨

ಇಸಾಕು ಅಣ್ಣನಿಗೆ,

ಗೆಣಸು ಅಗೆದು ಮುಗಿಯಿತು, ಬೂತಾಯಿ ಮೀನು ಈ ಸಲ ತಡವಾಗಿ ಬಂತು ಎಂದು ಊರಿನ ಸುದ್ದಿಯಿಂದ ಶುರು ಮಾಡೋಣವೆಂದು ಕೂತೆ. ಆದರೆ ಹದಿಮೂರು ವರ್ಷ ನಿಮ್ಮ ಒಂದು ಕಾಗದಕ್ಕೂ ಉತ್ತರ ಕೊಡದ ಮನೆಯವಳು ಮೀನಿನ ಮಾತಾಡಿದರೆ ನೀವೇ ನಕ್ಕೀರಿ.

ನಾನು ಸೆಕಿ, ಕಮೇಜಿರೋನ ತಂಗಿ. ನೀವು ಕಮೆ ಅಣ್ಣನ ಜೊತೆ ಕೆನಡಾದ ಹಡಗು ಹತ್ತಿದಾಗ ನನಗೆ ಹತ್ತು ವರ್ಷ. ಈಗ ಗಂಡನ ಮನೆ ಬಿಟ್ಟು ಬಂದು, ಊರ ಶಾಲೆಯಲ್ಲಿ ಹೆಣ್ಣುಮಕ್ಕಳಿಗೆ ಓದು, ಹೊಲಿಗೆ ಕಲಿಸುತ್ತಿದ್ದೇನೆ. ಅಣ್ಣ ಫ್ರಾನ್ಸಿನಲ್ಲಿ ಸತ್ತ ಸುದ್ದಿ ತಂದ ನಿಮ್ಮ ಮೊದಲ ಕಾಗದ ಒಂದನ್ನೇ ಅವ್ವ ಓದಿಸಿಕೊಂಡದ್ದು. ‘ಸೈನ್ಯಕ್ಕೆ ಸೇರೋಣ ಎಂದು ಕರೆದವನು ನಾನು, ನನ್ನ ಮಾತಿಗೆ ಅವನು ಬಂದ’ ಎಂದು ಅದರಲ್ಲಿ ಬರೆದಿದ್ದಿರಿ. ಆಮೇಲೆ ಬಂದದ್ದನ್ನೆಲ್ಲ ಅವಳು ಒಡೆಯದೆ ಅಂಚೆಯವನ ಕೈಗೇ ವಾಪಸ್ಸು ಇಟ್ಟಳು.

ಈಗ ಬರೆಯುವುದಕ್ಕೆ ಕಾರಣವಿದೆ. ಯುದ್ಧದಲ್ಲಿ ಸತ್ತ ಊರಿನವರ ಹೆಸರು ಕೆತ್ತಿ ದೇವಸ್ಥಾನದ ಮೆಟ್ಟಿಲ ಬಳಿ ಕಲ್ಲು ನಿಲ್ಲಿಸುತ್ತಿದ್ದಾರೆ. ಮಾಜಿ ಸೈನಿಕರ ಸಂಘದ ಮುಖಂಡ ಸಾರ್ಜೆಂಟ್ ತೆರಾಮೋತೋ, ರಷ್ಯಾದ ಯುದ್ಧದಲ್ಲಿ ಸತ್ತ ನಮ್ಮ ದೊಡ್ಡಣ್ಣ ಯೋಹೇಯ ಜೊತೆ ಅಲ್ಲಿ ಹೋರಾಡಿ ಬಂದವರು, ಮೀನು ಒಣಹಾಕುವ ಚಪ್ಪರದ ಹತ್ತಿರ ಅವ್ವನನ್ನು ನಿಲ್ಲಿಸಿ ಮಾತಾಡಿದರು.

“ನುಯಿ ಅಜ್ಜಿ, ನಿಮ್ಮ ಯೋಹೇ ಹೆಸರು ಮೂರನೇದು. ಒಳ್ಳೆ ಜಾಗ.”

“ಕಮೆದು ಎಷ್ಟನೇದು?”

“ಕಮೇಜಿರೋ ನಮ್ಮ ಸೈನ್ಯದವನಲ್ವಲ್ಲ ಅಜ್ಜಿ. ಯಾರದೋ ರಾಜನಿಗೋಸ್ಕರ ಸತ್ತೋನು. ಅದೂ ಇಲ್ಲಿ ಸೈನ್ಯಕ್ಕೆ ಕಡ್ಡಾಯವಾಗಿ ಆರಿಸೋ ತಪಾಸಣೆಗೆ ಒಂದೇ ವರ್ಷ ಇರೋವಾಗ ಹಡಗು ಹತ್ತಿ ಓಡಿದೋನು. ಊರೇ ಬಲ್ಲದು.”

ಅವ್ವ ಕೈಯಲ್ಲಿದ್ದ ಮೀನನ್ನು ದಾರಕ್ಕೆ ಪೋಣಿಸಿ ಮುಗಿಸಿಯೇ ತಲೆ ಎತ್ತಿದಳು.

“ಹಾಗಾದ್ರೆ ಯೋಹೇದೂ ಬೇಡ. ಕೆತ್ತಿದ್ರೆ ಎರಡು ಕೆತ್ತು. ಇಲ್ದಿದ್ರೆ ಒಂದೂ ಬೇಡ.”

ಆ ಇಂಗ್ಲೆಂಡಿನ ರಾಜ ಆಗ ನಮ್ಮ ಚಕ್ರವರ್ತಿಗಳ ಮಿತ್ರನೇ ಆಗಿದ್ದನೆಂದು ನಾನು ಸಂಘಕ್ಕೆ ಬರೆದುಕೊಟ್ಟೆ. ಅವನು ಸೈನಿಕನಾಗಿದ್ದ ಎಂಬುದಕ್ಕೆ ನಿಮ್ಮ ಹತ್ತಿರ ಏನಿದೆ ಎಂದು ಕೇಳಿದರು. ವ್ಯಾಂಕೂವರಿನ ಪಾರ್ಕಿನಲ್ಲಿ ನಮ್ಮವರ ಹೆಸರಿರುವ ಕಂಬವೊಂದು ನಿಂತಿದೆ ಎಂದು ಅಲ್ಲಿಂದ ಮರಳಿದವರು ಹೇಳುತ್ತಾರೆ. ಅಣ್ಣನ ಹೆಸರು ಅದರಲ್ಲಿದೆಯೇ? ಇದ್ದರೆ ಕಾಗದವನ್ನಿಟ್ಟು ಮಸಿಯಲ್ಲಿ ಅದರ ಅಚ್ಚು ತೆಗೆದು ಕಳಿಸಲಾದೀತೇ?

ಈ ಕಾಗದ ಬರೆಯುತ್ತಿರುವುದು ಅವ್ವನಿಗೆ ಗೊತ್ತು. ಬೇಡವೆನ್ನಲಿಲ್ಲ. ಬರಿ ಎಂದೂ ಹೇಳಲಿಲ್ಲ.

ಇಂತಿ,
ತಬಾತ ಸೆಕಿ


ಸ್ಟೀವ್‌ಸ್ಟನ್, ಫ್ರೇಸರ್ ನದಿಮುಖ,
೧೯೩೦ ನವೆಂಬರ್ ೯

ಸೆಕಿಗೆ,

ನಿನ್ನ ಕಾಗದ ಬಂತು. ಹೆಸರು ಇದೆ. ಮಳೆ ಬಿಟ್ಟ ದಿನ ಹೋಗಿ ತೆಗೆಯುತ್ತೇನೆ. ಹೆಚ್ಚಿಗೆ ಬರೆಯಲು ಈಗ ಆಗುತ್ತಿಲ್ಲ.

ಕುನೋ ಇಸಾಕು


ಸ್ಟೀವ್‌ಸ್ಟನ್,
೧೯೩೦ ಡಿಸೆಂಬರ್ ೪

ಸೆಕಿಗೆ,

ಇದರ ಜೊತೆ ಬಿದಿರ ಕೊಳವೆಯಲ್ಲಿ ಅಚ್ಚು ಇದೆ. ಬಿಚ್ಚುವಾಗ ಕೈ ಒದ್ದೆಯಿರಬಾರದು.

ಅಚ್ಚು ತೆಗೆಯುವುದಕ್ಕೆ ಎರಡು ದಿನ ಹಿಡಿಯಿತು. ನನ್ನ ಎಡಗೈಯಲ್ಲಿ ಮೂರೇ ಬೆರಳಿವೆ. ಬಲೆ ಹೊಲಿಯಲು ಸಾಕು, ಒದ್ದೆ ಕಾಗದ ಹಿಡಿಯಲು ಸಾಲದು. ಮೊದಲ ದಿನ ಕಾಗದ ಹರಿಯಿತು. ಎರಡನೆಯ ದಿನ ಎಲ್ಲ ಸರಿಯಾಗಿ ಅಂಟಿ, ಮಸಿ ಹೀರಿಸಿದ ಬಟ್ಟೆಯ ಗಂಟು ಒತ್ತುತ್ತಿದ್ದಾಗ ಪಾರ್ಕಿನ ಕಾವಲಿನವನು ಬಂದ.

“ಏಯ್, ಏನಯ್ಯಾ ಅದು? ಕಲ್ಲಿಗೆ ಮಸಿ ಬಳೀತಿದೀಯ?”

“ಮಸಿ ಕಲ್ಲಿಗೆ ತಾಗಲ್ಲ. ಕಾಗದಕ್ಕೆ ಮಾತ್ರ.”

“ಯಾರ್ ಅಪ್ಪಣೆ ಕೊಟ್ರು?”

“ಈ ಹೆಸರಿನವನ ತಾಯಿ.”

“ಪೊಲೀಸ್ನ ಕರೀತೀನಿ ನೋಡು.”

“ಕರ್ಕೊಂಬಾ. ಅಷ್ಟರಲ್ಲಿ ಒಣಗುತ್ತೆ.”

ಅವನು ಹೋದ. ಪೊಲೀಸನೂ ಬರಲಿಲ್ಲ, ಅವನೂ ಬರಲಿಲ್ಲ. ಅಕ್ಷರಗಳು ಇಲ್ಲಿಯವರ ಲಿಪಿಯಲ್ಲಿವೆ. ಕೆಳಗೆ ಅದರ ಉಚ್ಚಾರಣೆಯನ್ನು ನಮ್ಮ ಅಕ್ಷರದಲ್ಲಿ ಪೆನ್ಸಿಲಿನಲ್ಲಿ ಬರೆದಿದ್ದೇನೆ.

ಸೆಕಿ, ಮುಂದಿನ ಪುಟವನ್ನು ಮೊದಲು ನೀನು ಓದು. ಅವ್ವನಿಗೆ ಓದಿ ಹೇಳುವುದು ಬಿಡುವುದು ನಿನಗೆ ಬಿಟ್ಟದ್ದು.

ಅವನನ್ನು ಕರೆದವನು ನಾನಲ್ಲ. ಕರೆದವನು ಅವನು. ೧೯೧೬ರ ಚಳಿಗಾಲ, ಮೀನು ಡಬ್ಬಿಗೆ ತುಂಬುವ ಕ್ಯಾನರಿಯ ವಸತಿಯಲ್ಲಿ ಒಲೆ ಸುತ್ತ ಕೂತಿದ್ದೆವು. ಆ ವರ್ಷವಷ್ಟೇ ನಮ್ಮಲ್ಲಿ ಕೆಲವರ ದೋಣಿಯ ಪರವಾನಗಿ ತಪ್ಪಿತ್ತು. ಕಮೆ ಎದ್ದು ನಿಂತು, “ನಾವಿಲ್ಲಿ ಮೀನು ಹಿಡಿಯೋಕೆ ಬೇಕು, ಲೆಕ್ಕಕ್ಕೆ ಬೇಡ. ಈ ಬಿಳಿಯರ ಜೊತೆ ಒಂದೇ ಕಂದಕದಲ್ಲಿ ನಿಂತು ಬಂದ್ರೆ, ಆಮೇಲೆ ‘ನೀನ್ಯಾರು’ ಅಂತ ಹೇಗೆ ಕೇಳ್ತಾರೋ ನೋಡ್ತೀನಿ” ಎಂದ. ನಾನು ಬೈದೆ. “ನಿಮ್ಮವ್ವ ನಿನ್ನ ಇಲ್ಲಿಗೆ ಕಳಿಸಿದ್ದೇ ಬಂದೂಕಿನಿಂದ ದೂರ ಇರಲಿ ಅಂತ ಕಣೋ” ಎಂದೆ. “ಅವ್ವ ಕಳಿಸಿದ ಜಾಗಕ್ಕೆ ಬಂದೆ. ಇಲ್ಲಿಂದ ಮುಂದಕ್ಕೆ ನಾನೇ ಹೋಗ್ಬೇಕಲ್ಲ” ಎಂದ. ಈ ಪ್ರಾಂತ್ಯದಲ್ಲಿ ನಮ್ಮನ್ನು ಸೇರಿಸಿಕೊಳ್ಳಲಿಲ್ಲ. ಪರ್ವತ ದಾಟಿ ಇನ್ನೊಂದು ಪ್ರಾಂತ್ಯಕ್ಕೆ ರೈಲಿನಲ್ಲಿ ಹೋಗಿ ಸೇರಿದ. ಅವನನ್ನು ಒಬ್ಬನನ್ನೇ ಬಿಡಲಾರದೆ ನಾನು ಹಿಂದೆ ಹೋದೆ.

ಅವನು ಸತ್ತ ಬಗೆಯನ್ನೂ ಸುಳ್ಳು ಬರೆದಿದ್ದೆ. ಶತ್ರುವಿನ ಮೇಲೆ ನುಗ್ಗುವಾಗ ಸತ್ತನೆಂದು ಬರೆದೆ. ಅಲ್ಲ. ಗುಡ್ಡ ಹತ್ತಿ ಆಗಿತ್ತು, ಹಿಮ ಬೀಳುತ್ತಿತ್ತು. ನಾನು ಕೆಸರಿನಲ್ಲಿ ಜಾರಿ ಕುಂಡೆ ಊರಿ ಕೂತೆ. ಅದನ್ನು ನೋಡಿ ಅವನು ನಗುತ್ತಾ ನಿಂತಿದ್ದ. ಅಲ್ಲಿಯೇ ಫಿರಂಗಿಯ ಗುಂಡು ಬಿತ್ತು. ನನಗೆ ಎರಡು ಬೆರಳು ಹೋದವು.

ಮಗ ತನ್ನಷ್ಟಕ್ಕೆ ಸಾವಿನ ಕಡೆ ನಡೆದ ಎನ್ನುವುದಕ್ಕಿಂತ, ಪಕ್ಕದ ಮನೆಯ ಪೋಲಿ ಎಳೆದುಕೊಂಡು ಹೋದ ಎನ್ನುವುದು ತಾಯಿಗೆ ಹಗುರವೆಂದುಕೊಂಡೆ. ಸರಿ ಮಾಡಿದೆನೋ ತಪ್ಪು ಮಾಡಿದೆನೋ ಇಂದಿಗೂ ತಿಳಿಯದು.

ಇಸಾಕು


ಇಸೋಮಿ,
೧೯೩೧ ಫೆಬ್ರವರಿ ೮

ಇಸಾಕು ಅಣ್ಣನಿಗೆ,

ತಡಮಾಡಿದ್ದಕ್ಕೆ ನೆಪ ಹೇಳುವುದಿಲ್ಲ. ನಿಮ್ಮ ಆ ಪುಟವನ್ನು ನಾನು ಒಂದು ತಿಂಗಳು ಹೊಲಿಗೆ ಪೆಟ್ಟಿಗೆಯಲ್ಲಿ ಇಟ್ಟಿದ್ದೆ.

ಅಚ್ಚನ್ನು ಬಿಚ್ಚಿದ ದಿನ ಅವ್ವ ಅದನ್ನು ಚಾಪೆಯ ಮೇಲೆ ಹಾಸಿ, ಕರಿಯ ನಡುವೆ ಬಿಳಿಯಾಗಿ ನಿಂತ ಒಂದೊಂದು ಅಕ್ಷರದ ಮೇಲೂ ಬೆರಳಾಡಿಸಿದಳು. “ಇದು ಏಡಿ ಕಾಲಿನ ಹಾಗಿದೆ. ಇದರಲ್ಲಿ ಅವನೆಲ್ಲಿದಾನೆ?” ಎಂದಳು. ಓದಿ ತೋರಿಸಿದೆ. ನಿಮ್ಮ ಕಾಗದವನ್ನೂ ಓದಿದೆ. ಕಾವಲಿನವನ ಮಾತಿಗೆ ಗೊಳ್ಳೆಂದು ನಕ್ಕಳು. ಆ ಪುಟಕ್ಕೆ ಬಂದಾಗ ಸದ್ದಿಲ್ಲದೆ ಮಗುಚಿದೆ.

“ಏನೇ ಅದು? ಕಾಗದ ಮಾತಾಡ್ತು, ನೀನು ಮಾತಾಡ್ಲಿಲ್ಲ.”

“ಏನಿಲ್ಲ ಅವ್ವ. ಅಲ್ಲಿನ ಮೀನಿನ ಸುದ್ದಿ.”

“ಮೀನಿನ ಸುದ್ದಿಗೆ ಮುಖ ಬೆಳ್ಳಗಾಗತ್ತಾ?”

ಅಂದು ಓದಲಿಲ್ಲ. ಅವಳೂ ಒತ್ತಾಯಿಸಲಿಲ್ಲ, ಆದರೆ ದಿನವೂ ಚಹಾದಲ್ಲಿ ಬೇಯಿಸಿದ ಗಂಜಿ ಬಡಿಸುವಾಗ, “ಮೀನಿನ ಸುದ್ದಿ ಹಳಸೋಕೆ ಮುಂಚೆ ಹೇಳಿಬಿಡು” ಎನ್ನುವಳು. ಹೋದ ವಾರ ಓದಿಬಿಟ್ಟೆ.

ಅವ್ವ ಎದ್ದು ಹಿತ್ತಲಿಗೆ ಹೋಗಿ ಮೂಲಂಗಿ ಕಿತ್ತಳು. ಬೇಕಾದ್ದಕ್ಕಿಂತ ಬಹಳ ಕಿತ್ತಳು. ಒಳಗೆ ಬಂದು, ಮಣ್ಣು ತೊಳೆಯುತ್ತಾ ಕೇಳಿದಳು.

“ತಾನೇ ಹೋದ್ನಾ?”

“ಹೂಂ.”

“ಯಾರೂ ಕೈ ಹಿಡಿದು ಎಳೀಲಿಲ್ವಾ?”

“ಇಲ್ಲ ಅವ್ವ.”

“ನಗ್ತಿದ್ನಾ? ಬಾಯಿ ಬಿಟ್ಟು ನಗ್ತಿದ್ನಾ, ಮುಚ್ಚಿಕೊಂಡಾ?”

ಅದನ್ನು ಬರೆದಿಲ್ಲ ಎಂದೆ. ಕೈಯಲ್ಲಿದ್ದ ಮೂಲಂಗಿಯನ್ನು ಕೆಳಗಿಟ್ಟು, “ಹಗ್ಗ ಕಟ್ಟಿ ಎಳ್ಕೊಂಡು ಹೋದ ಕರು ಅಂತ ಇಷ್ಟು ವರ್ಷ ಅತ್ತೆ. ಕರು ಅಲ್ಲ ಅವನು. ಹಾಗಾದ್ರೆ ಹೆಸರು ಇನ್ನೂ ಆಳವಾಗಿ ಕೆತ್ತಬೇಕು” ಎಂದಳು.

ಅಚ್ಚನ್ನು ಸಂಘಕ್ಕೆ ತೋರಿಸಿದೆವು. ಸೈನಿಕನೆಂಬುದನ್ನು ಒಪ್ಪಿದರು, ಹೆಸರು ಕೆತ್ತಲು ಒಪ್ಪಲಿಲ್ಲ. ಪರದೇಶದ ಲಿಪಿಯ ಕಾಗದವನ್ನು ಊರಲ್ಲಿ ತೋರಿಸಿಕೊಂಡು ತಿರುಗಬೇಡಿ ಎಂದೂ ಹೇಳಿದರು. ಮರುದಿನ ಮುಖ್ಯೋಪಾಧ್ಯಾಯರು ನನ್ನನ್ನು ಕರೆಸಿ, “ಸೆಕಿಯವರೇ, ನಿಮ್ಮ ತಾಯಿಯವರಿಗೆ ಬುದ್ಧಿ ಹೇಳಿ. ಮುಂದಿನ ವರ್ಷದ ಅಧ್ಯಾಪಕರ ಪಟ್ಟಿ ಇನ್ನೂ ಬರೆದಿಲ್ಲ” ಎಂದರು. ಅವರು ಸಭ್ಯರು. ಚಹಾ ಕುಡಿಸಿಯೇ ಹೇಳಿದರು.

ಕಲ್ಲಿನ ಮೇಲೆ ಯೋಹೇ ಅಣ್ಣನ ಹೆಸರು ಆಗಲೇ ಕೆತ್ತಿ ಆಗಿದೆ. ನಮ್ಮನ್ನು ಕೇಳಲಿಲ್ಲ. ಏಪ್ರಿಲ್ ಹತ್ತಕ್ಕೆ ಅನಾವರಣ.

ಇಂತಿ,
ಸೆಕಿ


ಸ್ಟೀವ್‌ಸ್ಟನ್,
೧೯೩೧ ಮಾರ್ಚ್ ೧

ಸೆಕಿಗೆ,

ಬಾಯಿ ಬಿಟ್ಟೇ ನಗುತ್ತಿದ್ದ. ಹಿಮ ಬಾಯೊಳಗೆ ಬೀಳುವಷ್ಟು.

ಆದರೆ ಇದನ್ನು ಇಲ್ಲಿಗೆ ನಿಲ್ಲಿಸಿ. ನಿನ್ನ ಕೆಲಸ ಹೋದರೆ ಇಬ್ಬರಿಗೂ ಗತಿ ಯಾವುದು? ಸತ್ತವನಿಗೆ ಒಂದು ಕಲ್ಲು ಇಲ್ಲಿ ಇದ್ದೇ ಇದೆ. ಕಮೆ ಬದುಕಿದ್ದರೂ ಇದೇ ಹೇಳುತ್ತಿದ್ದ.

ಇಸಾಕು


ಇಸೋಮಿ,
೧೯೩೧ ಏಪ್ರಿಲ್ ೨೬

ಇಸಾಕು ಅಣ್ಣನಿಗೆ,

ಕಮೆ ಬದುಕಿದ್ದರೆ ಏನು ಹೇಳುತ್ತಿದ್ದನೆಂದು ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಒಲೆಯ ಸುತ್ತ ಕೂತಿದ್ದ ದಿನ ನೀವು ನಿಲ್ಲಿಸು ಎಂದಿರಿ. ಅವನು ನಿಲ್ಲಿಸಿದನೇ? ನಿಮ್ಮ ಕಾಗದದ ಮೊದಲ ಸಾಲನ್ನು ಮಾತ್ರ ಅವ್ವನಿಗೆ ಓದಿದೆ. ಉಳಿದದ್ದನ್ನು ಅವಳು ಕೇಳಲಿಲ್ಲ.

ನಡೆದದ್ದನ್ನು ನಡೆದಂತೆ ಬರೆಯುತ್ತೇನೆ.

ಹತ್ತನೆಯ ತಾರೀಖು ಬೆಳಿಗ್ಗೆ ಒಳ್ಳೆಯ ಬಿಸಿಲು. ಪಟ್ಟಣದಿಂದ ಅಧಿಕಾರಿಗಳು ಬಂದಿದ್ದರು. ನಾನು ಶಾಲೆಯ ಹುಡುಗಿಯರನ್ನು ಸಾಲಾಗಿ ನಿಲ್ಲಿಸಿ ಅವರ ತುದಿಗೆ ನಿಂತಿದ್ದೆ. ಅವ್ವ ಮನೆತನದ ಗುರುತಿರುವ ಕಪ್ಪು ಕಿಮೊನೊ ಉಟ್ಟು, ಅಚ್ಚನ್ನು ಬಟ್ಟೆಯಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡು, ಸತ್ತವರ ಮನೆಯವರಿಗೆಂದು ಹಾಕಿದ ಚಾಪೆಯ ಮೇಲೆ ಕೂತಿದ್ದಳು. ತೆರಾಮೋತೋ ಒಂದೊಂದೇ ಹೆಸರು ಕೂಗುವುದು, ಮನೆಯವರು ಎದ್ದು ‘ಇದ್ದಾನೆ’ ಎನ್ನುವುದು ಎಂದು ಮೊದಲೇ ಗೊತ್ತುಮಾಡಿದ್ದರು. ಇಬ್ಬರದಾಯಿತು.

“ತಬಾತ ಯೋಹೇ!”

ಉತ್ತರವಿಲ್ಲ. ಇನ್ನೊಮ್ಮೆ ಕೂಗಿದರು. ಅವ್ವ ಮೊಣಕಾಲಿಗೆ ಕೈ ಊರಿ ಎದ್ದಳು.

“ಯೋಹೇ ಬಂದಿಲ್ಲ. ತಮ್ಮನ್ನ ಬಾಗಿಲಾಚೆ ನಿಲ್ಸಿ ಅಣ್ಣ ಒಳಗೆ ಬರಲ್ಲ. ನಾನು ಮಕ್ಕಳನ್ನ ಹಾಗೆ ಬೆಳೆಸಿಲ್ಲ.”

“ಅಜ್ಜಿ, ಕೂತ್ಕೊಳ್ಳಿ,” ಎಂದರು ತೆರಾಮೋತೋ, ಮೆಲ್ಲಗೆ. “ಓಡಿಹೋದವನ ಮಾತು ಇವತ್ತು ಬೇಡ.”

“ಓಡಿಹೋದ ಅಂತ ಯಾರು ಹೇಳಿದ್ದು? ಓಡಿಸಿದ್ದು ನಾನು!” ಅವಳ ದನಿ ಅಷ್ಟು ಗಟ್ಟಿಯಾಗಿ ಬಂದದ್ದನ್ನು ನಾನು ಕೇಳಿರಲಿಲ್ಲ, ಕೊಲ್ಲಿಯಾಚೆಯ ದೋಣಿಯನ್ನು ಕರೆಯುವ ದನಿ ಅದು. “ದೊಡ್ಡೋನ್ನ ನಿಮಗೆ ಕೊಟ್ಟೆ. ಪೆಟ್ಟಿಗೇಲಿ ವಾಪಸ್ಸು ಕೊಟ್ರಿ. ಏನಿತ್ತು ಅದರಲ್ಲಿ? ಉಗುರು, ಒಂದು ಚಿಟಿಕೆ ಕೂದಲು. ಇನ್ನೊಬ್ಬನಿಗೂ ಪೆಟ್ಟಿಗೆ ಮಾಡೋಕೆ ಮುಂಚೆ ನಾನೇ ಹಡಗು ಹತ್ತಿಸ್ದೆ. ಅದು ತಪ್ಪಾದ್ರೆ ಪೊಲೀಸರು ಅಲ್ಲೇ ನಿಂತಿದಾರೆ, ನನ್ನ ಕರ್ಕೊಂಡು ಹೋಗ್ಲಿ. ಆದ್ರೆ ನನ್ನ ಮಗ ನಾನು ಬಚ್ಚಿಟ್ಟ ಜಾಗದಲ್ಲಿ ಕೂರ್ಲಿಲ್ಲ. ತಾನೇ ಯೋಚನೆ ಮಾಡಿ, ತನ್ನ ಕಾಲಲ್ಲಿ ನಡ್ಕೊಂಡು ಹೋದ. ಈ ಕಲ್ಲಲ್ಲಿ ಇರೋರಲ್ಲಿ ಹಾಗೆ ತಾನಾಗೇ ಹೋದೋನು ಯಾರಿದಾನೆ, ಹೇಳಿ?”

ಅವಳು ಬಟ್ಟೆ ಬಿಚ್ಚಿ, ಅಚ್ಚನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದಳು. ಗಾಳಿಗೆ ಕಾಗದ ಪಟಪಟ ಎಂದಿತು.

“ತಬಾತ ಕಮೇಜಿರೋ!” ಎಂದು ತಾನೇ ಕೂಗಿದಳು.

ಇಸಾಕು ಅಣ್ಣ, ನಾನು ಧೈರ್ಯವಂತಳಲ್ಲ. ಮುಖ್ಯೋಪಾಧ್ಯಾಯರು ನನ್ನನ್ನೇ ನೋಡುತ್ತಿದ್ದರು. ಆದರೂ ಹೆಸರು ಕೂಗಿದ ಮೇಲೆ ಯಾರೂ ಉತ್ತರ ಕೊಡದೆ ಇರುವುದನ್ನು ಕೇಳಿಸಿಕೊಂಡು ನಿಲ್ಲಲಾಗಲಿಲ್ಲ. “ಇದ್ದಾನೆ!” ಎಂದೆ. ಹೆಂಗಸರ ಕಡೆಯಿಂದ ಇನ್ನಿಬ್ಬರ ದನಿ ಬಂತು, ಗಂಡಂದಿರು ಕೆನಡಾದಲ್ಲಿರುವವರದು. ಅವರಲ್ಲಿ ಒಬ್ಬಳು ಸಂಜೆಯ ಹೊತ್ತಿಗೆ ‘ಕೆಮ್ಮಿದ್ದು’ ಎಂದು ಹೇಳಿಕೊಂಡು ತಿರುಗಿದಳು. ಇರಲಿ, ಅವಳಿಗೂ ಮಾವಂದಿರಿದ್ದಾರೆ.

ಪೊಲೀಸರು ಅವ್ವನನ್ನು ಮುಟ್ಟಲಿಲ್ಲ. ಸಮಾರಂಭ ಮುಂದುವರಿಯಿತು. ನಾವಿಬ್ಬರೂ ಎದ್ದು ಬಂದೆವು.

ಎರಡು ದಿನ ಬಿಟ್ಟು ತೆರಾಮೋತೋ ಮನೆಗೆ ಬಂದರು. ಸಮವಸ್ತ್ರವಿರಲಿಲ್ಲ. ಜಗಲಿಯ ತುದಿಯಲ್ಲಿ ಕೂತು, “ಅಜ್ಜಿ, ಯೋಹೇ ನನ್ನ ಪಕ್ಕದಲ್ಲಿ ಸತ್ತೋನು. ಅವನ ಹೆಸರಾದ್ರೂ ಇರಲಿ ಬಿಡಿ” ಎಂದರು. ಅವರ ಕಣ್ಣಲ್ಲಿ ನೀರಿತ್ತು. ಅದು ಸುಳ್ಳು ನೀರಲ್ಲ.

“ಕಮೆ ಹೆಸರು?”

“ಅದು ನನ್ನ ಕೈಲಿಲ್ಲ ಅಜ್ಜಿ.”

“ಹಾಗಾದ್ರೆ ಯೋಹೇನೂ ನಿನ್ನ ಕೈಲಿಲ್ಲ. ಗಂಜಿ ಇದೆ, ತಿಂದ್ಕೊಂಡು ಹೋಗು.”

ಅವರು ತಿನ್ನಲಿಲ್ಲ. ವಾರದ ಕೊನೆಗೆ ಅವ್ವನ ಮಾತಿನಂತೆ ಕಲ್ಲುಕುಟಿಗ ಕಾಸುಕೆ ಹಾಡಹಗಲಲ್ಲೇ ಹೋಗಿ, ಕಲ್ಲಿನಲ್ಲಿ ಯೋಹೇಯ ಹೆಸರಿದ್ದ ಮೂರನೆಯ ಸಾಲಿಗೆ ಗಾರೆ ತುಂಬಿದ. ಅಲ್ಲಿಂದ ನೆಟ್ಟಗೆ ನಮ್ಮ ಮನೆಗೆ ಬಂದು, “ಅಳಿಸಿದ ಕೈಗೆ ಸಮಾಧಾನ ಇಲ್ಲ, ಏನಾದ್ರೂ ಕೆತ್ತೋಕೆ ಕೊಡಿ” ಎಂದ. ನಮ್ಮ ಸಮಾಧಿಯ ಕಲ್ಲಿನ ಮೇಲೆ ಈಗ ಇಬ್ಬರೂ ಇದ್ದಾರೆ: ಯೋಹೇ ನಮ್ಮ ಅಕ್ಷರದಲ್ಲಿ, ಕಮೆ ನೀವು ಕಳಿಸಿದ ಅಕ್ಷರದಲ್ಲಿ, ಅಚ್ಚಿನಲ್ಲಿದ್ದ ಹಾಗೆಯೇ.

ಪೊಲೀಸಿನವನೊಬ್ಬ ಬಂದು, ಈ ಪರದೇಶದ ಬರಹ ಏನೆಂದು ಕೇಳಿದ.

“ನನ್ನ ಮಗನ ಹೆಸರು. ಓದೋಕೆ ಬರಲ್ವಾ? ನನಗೂ ಬರಲ್ಲ. ಕೂತ್ಕೊ, ಸೆಕಿ ಹೇಳ್ಕೊಡ್ತಾಳೆ,” ಎಂದಳು ಅವ್ವ.

ಹೌದು, ಹೇಳಿಕೊಡಲು ನನಗೆ ಈಗ ಬೇಕಾದಷ್ಟು ಹೊತ್ತಿದೆ. ಶಾಲೆಯ ಪಟ್ಟಿಯಲ್ಲಿ ನಾನಿಲ್ಲ. ಗಂಡಂದಿರು ಕೆನಡಾದಲ್ಲಿರುವ ಹೆಂಗಸರು ಕೆಲವರು, ತಮ್ಮ ಕಾಗದ ತಾವೇ ಓದಬೇಕೆಂದು ಬಲೆಯ ಕೊಟ್ಟಿಗೆಗೆ ಬರಲು ಶುರುಮಾಡಿದ್ದಾರೆ. ನಿನ್ನೆಗೆ ಆರು ಜನ. ಕೆಮ್ಮಿದವಳೂ ಬಂದಿದ್ದಾಳೆ.

ಇಂತಿ,
ಸೆಕಿ


ಸ್ಟೀವ್‌ಸ್ಟನ್,
೧೯೩೧ ಮೇ ೨೪

ಸೆಕಿಗೆ,

ನಿನ್ನ ಕಾಗದವನ್ನು ಇಲ್ಲಿಯ ನಮ್ಮ ಸೈನಿಕರ ಸಂಘದಲ್ಲಿ ಓದಿದೆ. ಒಬ್ಬ ಎದ್ದು ಹೋಗಿ ಮುಖ ತೊಳೆದು ಬಂದ.

ನಿಲ್ಲಿಸಿ ಎಂದು ಬರೆದದ್ದಕ್ಕೆ ನಾಚಿಕೆಯಾಗಿದೆ. ನನಗೆ ನಾನೇ ಹಾಗೆ ಹೇಳಿಕೊಳ್ಳುತ್ತಾ ಬಂದಿದ್ದೆ.

ಇಲ್ಲಿಯೂ ಒಂದು ಸುದ್ದಿ. ಹದಿಮೂರು ವರ್ಷ ಅರ್ಜಿ ಹಾಕಿ, ಕಚೇರಿಯ ಬೆಂಚುಗಳನ್ನು ಸವೆಸಿ, ಕೊನೆಗೆ ಏಪ್ರಿಲ್ ಒಂದರಂದು ನಮ್ಮ ಮಾಜಿ ಸೈನಿಕರಿಗೆ ಮತ ಹಾಕುವ ಹಕ್ಕು ಕೊಟ್ಟರು. ಶಾಸನಸಭೆಯಲ್ಲಿ ಒಂದೇ ಒಂದು ಮತದ ಅಂತರದಲ್ಲಿ ಗೆದ್ದಿತು. ನಮಗೆ ಮಾತ್ರ, ನನ್ನ ಹೆಂಡತಿಗಿಲ್ಲ, ಇಲ್ಲೇ ಹುಟ್ಟಿದ ಮಕ್ಕಳಿಗೂ ಇಲ್ಲ. ಕಮೆ ಕೇಳಿದ್ದರಲ್ಲಿ ಒಂದು ಚೂರು. ಉಳಿದದ್ದಕ್ಕೆ ನಾಳೆಯಿಂದ ಮತ್ತೆ ಅರ್ಜಿ.

ಅವ್ವನಿಗೆ ನನ್ನದೊಂದು ಮಾತು ತಿಳಿಸು. ಸುಳ್ಳು ಬರೆದದ್ದಕ್ಕೆ, ಅವನಿಲ್ಲದೆ ಮರಳಿ ಬಂದದ್ದಕ್ಕೆ, ಎರಡಕ್ಕೂ ಕ್ಷಮೆ ಕೇಳುತ್ತೇನೆ.

ಇಸಾಕು


ಇಸೋಮಿ,
೧೯೩೧ ಜುಲೈ ೫

ಇಸಾಕು ಅಣ್ಣನಿಗೆ,

ಅವ್ವ ಕೂತು ಬರೆಸುತ್ತಿದ್ದಾಳೆ. ‘ನನ್ನ ಮಾತನ್ನ ತಿದ್ದಬೇಡ, ಶಾಲೆ ಭಾಷೆ ಹಾಕಬೇಡ’ ಎಂದಿದ್ದಾಳೆ. ಹಾಗಾಗಿ ಇಲ್ಲಿಂದ ಮುಂದೆ ಅವಳದೇ ಮಾತು. — ಸೆಕಿ

“ಇಸಾಕು, ಹದಿಮೂರು ವರ್ಷ ದಿನಾ ಬೆಳಿಗ್ಗೆ ನಿನ್ನ ಹೆಸರು ಹಿಡಿದು ಬೈದಿದೀನಿ ಕಣೋ. ಈಗ ಬೈಯೋಕೆ ಯಾರೂ ಇಲ್ಲ, ನಾಲಿಗೆಗೆ ಕೆಲಸ ಇಲ್ಲದ ಹಾಗಾಗಿದೆ. ನೀನು ಕ್ಷಮೆ ಕೇಳಿದೀಯಂತೆ. ಕೊಡಲ್ಲ. ಕಿತ್ಕೊಂಡು ಹೋದೋರು ಕ್ಷಮೆ ಕೇಳ್ಬೇಕು. ನೀನು ಅವನ ಹಿಂದೆ ಹೋದೋನು, ನಿನಗ್ಯಾತಕ್ಕೆ?

ಸುಳ್ಳು ಬರೆದಿದ್ದಕ್ಕೆ ಮಾತ್ರ ಕೋಪ ಇದೆ. ನಾನು ತಡ್ಕೊಳ್ಳಲ್ಲ ಅಂದ್ಕೊಂಡೆಯಲ್ಲ, ಅದಕ್ಕೆ. ನಾಲ್ಕು ಹೆತ್ತೆ, ತೊಟ್ಟಿಲಲ್ಲೇ ಹೋದ ಕೂಸೂ ಸೇರಿ ಮೂರನ್ನ ಕಳಕೊಂಡೆ, ಇನ್ನೂ ಬೆನ್ನು ಬಗ್ಗಿಸಿ ಗೆಣಸು ನೆಡ್ತಿದೀನಿ. ತಡ್ಕೊಳ್ಳೋದು ನನಗೆ ಹೇಳ್ಕೊಡ್ಬೇಡ.

ಸೆಕಿ ಕೆಲಸ ಹೋಯ್ತು ಅಂತ ಊರು ನನಗೆ ಬೈತಾ ಇದೆ. ಬೈಲಿ. ಬಲೆ ಕೊಟ್ಟಿಗೇಲಿ ಈಗ ಹನ್ನೊಂದು ಜನ. ನಾನೂ ಮೂಲೇಲಿ ಕೂತ್ಕೊಂಡಿದೀನಿ. ಎಂಟು ಅಕ್ಷರ ಬಂದಿದೆ. ಅರವತ್ತೊಂಬತ್ತಕ್ಕೆ ಅಷ್ಟು ಸಾಕು, ವರ್ಷದೊಳಗೆ ಪೂರ್ತಿ ಬರುತ್ತೆ.

ಮತ ಹಾಕೋ ದಿನ ಬಂದ್ರೆ ಒಳ್ಳೆ ಬಟ್ಟೆ ಹಾಕ್ಕೊಂಡು ಹೋಗು. ಬಾಗಿಲಲ್ಲಿ ನಿಂತೋನು ‘ನೀನ್ಯಾರು’ ಅಂತ ಕೇಳಿದ್ರೆ ತಲೆ ತಗ್ಗಿಸ್ಬೇಡ. ಹೆಂಡ್ತೀನೂ ಜೊತೆಗೆ ಕರ್ಕೊಂಡು ಹೋಗು. ಒಳಗೆ ಬಿಡದಿದ್ರೆ ಹೊರಗೆ ನಿಂತಿರ್ಲಿ, ಅವಳನ್ನ ಬಿಟ್ಟಿಲ್ಲ ಅಂತ ನಾಲ್ಕು ಜನಕ್ಕೆ ಕಾಣ್ಲಿ.

ಇನ್ನು ಒಂದು ಕೇಳ್ತೀನಿ. ಆ ದಿನ ಗುಡ್ಡ ಹತ್ತೋಕೆ ಮುಂಚೆ, ಬೆಳಿಗ್ಗೆ, ಅವನು ಏನು ತಿಂದಿದ್ದ? ಬಿಸಿ ಇತ್ತಾ? ಹೊಟ್ಟೆ ತುಂಬ ಇತ್ತಾ? ಅಳ್ತೀನೇನೋ ಅಂತ ಬರೀದೆ ಇರ್ಬೇಡ. ಅಳೋದಾದ್ರೆ ಅಳ್ತೀನಿ, ಅದಕ್ಕೂ ಯಾರ ಅಪ್ಪಣೆ ಬೇಕು? ಏನು ತಿಂದ, ಅದನ್ನ ಬರಿ.”

ಯೋಹೇಯ ತಾಯಿ, ಕಮೇಜಿರೋನ ತಾಯಿ,
ತಬಾತ ನುಯಿ